ಸೂಚನೆಯ ಮಾತು ಮುಟ್ಟಿತೇ? ಸ್ಕಿಜೋಫ್ರೇನಿಯಾ ಇರುವವರ ಸಾಮಾಜಿಕ ಗ್ರಹಿಕೆಯನ್ನು ಅಳೆಯುವ ಬಗೆ

ಮಲೆನಾಡಿನಲ್ಲಿ ಸಾಲ ಕೇಳಲು ಬಂದವರು ಸಾಲದ ಮಾತನ್ನು ಕೊನೆಗೆ ಎತ್ತುತ್ತಾರೆ. ಮೊದಲು ಮಳೆ, ಆಮೇಲೆ ಅಡಿಕೆ ಧಾರಣೆ, ನಡುವೆ ಒಂದು ಕವಳ, ಅಂದರೆ ಎಲೆ-ಅಡಿಕೆ. ಹೊರಡಲು ಎದ್ದು ಮೆಟ್ಟಿಲು ಇಳಿಯುವಾಗ ‘ಈ ಸಲ ಕೊಯ್ಲು ಸ್ವಲ್ಪ ಹಿಂದೆ ಬಿತ್ತು ನೋಡಿ’ ಎನ್ನುತ್ತಾರೆ. ಮನೆಯ ಯಜಮಾನರಿಗೆ ಅಷ್ಟು ಸಾಕು. ‘ಹೌದೇ? ನಮ್ಮದು ಮುಗಿಯಿತು’ ಎಂದು ಉತ್ತರಿಸಿ ಒಳಗೆ ಹೋಗುವವರನ್ನು ಊರು ಎರಡು ಬಗೆಯಲ್ಲಿ ನೋಡುತ್ತದೆ: ಒಂದೋ ಜುಗ್ಗ, ಇಲ್ಲವೇ ದಡ್ಡ. ಮೂರನೆಯ ಸಾಧ್ಯತೆಯೊಂದಿದೆ. ಮಾತಿನ ಹಿಂದಿನ ಮಾತು ಆ ವ್ಯಕ್ತಿಗೆ ಕೇಳಿಸಿಯೇ ಇಲ್ಲದಿರಬಹುದು.

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ ಎಷ್ಟೋ ಜನರಲ್ಲಿ ಔಷಧಿಯಿಂದ ಕಿವಿಯೊಳಗಿನ ಧ್ವನಿಗಳು ನಿಂತು, ನಿದ್ರೆ ಸರಿಯಾಗಿ, ಸಂಶಯ ಇಳಿದ ಮೇಲೂ ಈ ತೊಡಕು ಉಳಿದಿರುತ್ತದೆ. ಮುಖಭಾವ ತಿಳಿಯುವುದು, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು, ಸಂದರ್ಭಕ್ಕೆ ತಕ್ಕಂತೆ ನಡೆದುಕೊಳ್ಳುವುದು ಇವೆಲ್ಲವನ್ನೂ ಸೇರಿಸಿ ಸಾಮಾಜಿಕ ಗ್ರಹಿಕೆ ಎನ್ನುತ್ತೇವೆ. ಪುಸ್ತಕದಲ್ಲಿ ಸಾಮಾಜಿಕ ಸಂಜ್ಞಾನ ಎಂಬ ಪದವೂ ಇದೆ. ರೋಗಿಯ ತಾಯಿಯ ಎದುರು ಅದನ್ನು ಬಳಸಿ ಪ್ರಯೋಜನವಿಲ್ಲ. 2011ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ನೆನಪು, ಗಮನಗಳಿಗಿಂತ ಸಾಮಾಜಿಕ ಗ್ರಹಿಕೆಗೇ ದಿನನಿತ್ಯದ ಬದುಕಿನೊಂದಿಗೆ ಹೆಚ್ಚು ಗಟ್ಟಿಯಾದ ನಂಟಿದೆ ಎಂದು ತೋರಿಸಿತು. ಅದರಲ್ಲೂ ಎದ್ದು ಕಂಡದ್ದು ಪರರ ಮನಸ್ಸನ್ನು ಊಹಿಸುವ ಶಕ್ತಿ.

ಶಿವಮೊಗ್ಗದಲ್ಲಿ ಕುಳಿತು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವವರನ್ನು ಪರೀಕ್ಷಿಸುವ ಮನಃಶಾಸ್ತ್ರಜ್ಞನಾಗಿ ನಾನು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದ ಮನಃಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ದಾದಿಯರು ನನ್ನ ಮನಸ್ಸಿನಲ್ಲಿದ್ದಾರೆ. ಮನೆಯವರು ಓದಿದರೂ ತೊಂದರೆಯಿಲ್ಲ. ಆದರೆ ಓದಿ ಮನೆಯಲ್ಲೇ ಅಂಕ ಹಾಕಲು ಹೊರಡಬಾರದು.

ಅಳೆಯಬೇಕಾದದ್ದು ಏನು

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 2006ರಲ್ಲಿ ಕರೆದ ತಜ್ಞರ ಸಭೆ ಈ ಕ್ಷೇತ್ರವನ್ನು ಐದು ಭಾಗ ಮಾಡಿತು: ಭಾವನೆಗಳನ್ನು ಗುರುತಿಸಿ ನಿಭಾಯಿಸುವುದು, ಇನ್ನೊಬ್ಬರ ಮನಸ್ಸನ್ನು ಊಹಿಸುವುದು, ಸನ್ನಿವೇಶವನ್ನು ಓದುವುದು, ಸಮಾಜದ ರೀತಿನೀತಿಗಳ ತಿಳಿವಳಿಕೆ, ಮತ್ತು ಆದದ್ದಕ್ಕೆ ಕಾರಣ ಹೊರಿಸುವ ಬಗೆ. ಒಬ್ಬರಿಗೆ ಐದರಲ್ಲೂ ತೊಡಕಿರಬೇಕೆಂದಿಲ್ಲ. ಮುಖ ಚೆನ್ನಾಗಿ ಓದುವವರು ಸೂಚನೆಯ ಮಾತಿನಲ್ಲಿ ಎಡವುತ್ತಾರೆ. ಆದ್ದರಿಂದ ‘ಸಾಮಾಜಿಕ ಗ್ರಹಿಕೆ ಕಡಿಮೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ವರದಿಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೊದಲ ಹಂತ: ನೆಲ ಹದ ಮಾಡಿಕೊಳ್ಳುವುದು

ತಪ್ಪು ಉತ್ತರಕ್ಕೆ ಹತ್ತು ಕಾರಣಗಳಿರುತ್ತವೆ. ಸಾಮಾಜಿಕ ಗ್ರಹಿಕೆಯ ಕೊರತೆ ಅವುಗಳಲ್ಲಿ ಒಂದು ಮಾತ್ರ. ಉಳಿದವನ್ನು ಮೊದಲೇ ಜಾಲಿಸಿ ತೆಗೆಯದಿದ್ದರೆ ಅಂಕ ಬರುತ್ತದೆ, ಅರ್ಥ ಬರುವುದಿಲ್ಲ.

ಕಾಯಿಲೆ ಉಲ್ಬಣಿಸಿರುವಾಗ ಪರೀಕ್ಷೆ ಬೇಡ. ಕೆಲವು ತಿಂಗಳಿಂದ ಸ್ಥಿತಿ ನೆಟ್ಟಗಿದೆಯೇ, ಇತ್ತೀಚೆಗೆ ಔಷಧಿಯ ಪ್ರಮಾಣ ಬದಲಾಗಿದೆಯೇ ಎಂದು ವೈದ್ಯರನ್ನು ಕೇಳಿ. ಹಿಂದಿನ ರಾತ್ರಿಯ ಮಾತ್ರೆಯ ಮಂಪರು ಬೆಳಗ್ಗೆ ಹತ್ತರವರೆಗೂ ಇರುವವರಿದ್ದಾರೆ. ಕೆಲವು ಔಷಧಿಗಳಿಂದ ಕುಳಿತಲ್ಲಿ ಕುಳಿತಿರಲಾಗದ ಚಡಪಡಿಕೆ ಬರುತ್ತದೆ; ಅಂಥವರು ಬೇಗ ಏಳಲೆಂದೇ ಬಾಯಿಗೆ ಬಂದ ಉತ್ತರ ಕೊಡುತ್ತಾರೆ. ಕಣ್ಣು, ಕಿವಿ ನೋಡಿ. ಭಯದ ಮುಖವನ್ನೂ ಆಶ್ಚರ್ಯದ ಮುಖವನ್ನೂ ಬೇರ್ಪಡಿಸಲಾಗದ ಹಿರಿಯರೊಬ್ಬರ ಬಗ್ಗೆ ನಾನು ಅರ್ಧ ಪುಟ ಬರೆದಿದ್ದೆ. ಅವರಿಗೆ ಇದ್ದದ್ದು ಕಣ್ಣಿನ ಪೊರೆ.

ಗಮನ ಮತ್ತು ನೆನಪಿನ ಒಂದು ಚಿಕ್ಕ ಪರೀಕ್ಷೆ ಮಾಡಿಕೊಳ್ಳಿ. ಅಂಕಿಗಳನ್ನು ಮುಂದಕ್ಕೂ ಹಿಂದಕ್ಕೂ ಹೇಳಿಸಿದರೂ ಒಂದು ಅಂದಾಜು ಸಿಗುತ್ತದೆ. ಹತ್ತು ಸಾಲಿನ ಕಥೆ ನೆನಪಿನಲ್ಲಿ ನಿಲ್ಲದವರಿಗೆ ಕಥೆಯ ಪಾತ್ರದ ಮನಸ್ಸಿನ ಬಗ್ಗೆ ಕೇಳುವುದು ನ್ಯಾಯವಲ್ಲ. ಮನೆಮಾತು ಯಾವುದೆಂದೂ ತಿಳಿದುಕೊಳ್ಳಿ. ಈ ಜಿಲ್ಲೆಯಲ್ಲಿ ಉರ್ದು, ತಮಿಳು, ಲಂಬಾಣಿ, ಕೊಂಕಣಿ ಮನೆಮಾತಿನವರು ಬಹಳ. ಕನ್ನಡದಲ್ಲಿ ವ್ಯವಹಾರ ಮಾಡುವವರಿಗೆಲ್ಲ ಕನ್ನಡದ ವ್ಯಂಗ್ಯ ತಿಳಿಯಲೇಬೇಕೆಂದಿಲ್ಲ.

ಇನ್ನು ಒಪ್ಪಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆ ಇರುವವರ ಖಾಸಗಿತನಕ್ಕೂ ತಮ್ಮ ಆರೈಕೆಯ ಬಗ್ಗೆ ತಾವೇ ತೀರ್ಮಾನಿಸುವ ಹಕ್ಕಿಗೂ ರಕ್ಷಣೆ ಕೊಟ್ಟಿದೆ. ಅಣ್ಣನೋ ಭಾವನೋ ‘ನೀವು ಮಾಡಿ ಸಾರ್, ಅವನಿಗೇನು’ ಎಂದರೆ ಅದು ಒಪ್ಪಿಗೆಯಾಗುವುದಿಲ್ಲ. ನಾನು ನೇರವಾಗಿ ಆ ವ್ಯಕ್ತಿಗೇ ಹೇಳುತ್ತೇನೆ: ‘ಕೆಲವು ಮುಖಗಳನ್ನು ತೋರಿಸುತ್ತೇನೆ, ಕೆಲವು ಕಥೆ ಹೇಳುತ್ತೇನೆ. ಇದು ಬುದ್ಧಿವಂತಿಕೆಯ ಪರೀಕ್ಷೆಯಲ್ಲ. ಸಾಕೆನಿಸಿದರೆ ನಿಲ್ಲಿಸೋಣ.’ ಆಮೇಲೆ ಮನೆಯವರನ್ನು ಹೊರಗೆ ಕೂರಿಸುತ್ತೇನೆ. ಅವರು ಒಳಗಿದ್ದರೆ ಪರೀಕ್ಷೆ ಬರೆಯುವವರು ಅವರೇ.

ಎರಡನೆಯ ಹಂತ: ಮನೆಯವರನ್ನು ಕೇಳುವುದು

‘ಜನರ ಜೊತೆ ಹೇಗಿರುತ್ತಾನೆ?’ ಎಂದು ಕೇಳಿದರೆ ‘ಸುಮ್ಮನಿರುತ್ತಾನೆ’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಪ್ರಶ್ನೆ ನಿರ್ದಿಷ್ಟವಾಗಿರಲಿ. ಡೈರಿಗೆ ಹಾಲು ಹಾಕಲು ಹೋದಾಗ ಯಾರಾದರೂ ತಮಾಷೆ ಮಾಡಿದರೆ ನಗುತ್ತಾರೆಯೇ, ಜಗಳವಾಡುತ್ತಾರೆಯೇ? ನಿಮಗೆ ಬೇಸರವಾಗಿದ್ದರೆ ಹೇಳದೆಯೇ ಅವರಿಗೆ ತಿಳಿಯುತ್ತದೆಯೇ? ಸಾವಿನ ಮನೆಯಲ್ಲಿ ಹೇಗಿದ್ದರು? ಯಾರಾದರೂ ಪಿಸುಗುಟ್ಟಿದರೆ ತಮ್ಮ ಬಗ್ಗೆಯೇ ಎಂದುಕೊಳ್ಳುತ್ತಾರೆಯೇ? ಇಂಥ ಪ್ರಶ್ನೆಗಳ ಸಿದ್ಧ ಮಾಪಕವೂ ಉಂಟು: ಆಸ್ಕರ್ಸ್ ಎಂಬ ಎಂಟು ಅಂಶಗಳ ಪಟ್ಟಿ, ಹತ್ತಿರದವರನ್ನು ಕೇಳಿ ತುಂಬುವಂಥದ್ದು.

ಕಾಯಿಲೆಗೆ ಮೊದಲು ಹೇಗಿದ್ದರು ಎಂಬುದನ್ನು ಮರೆಯದೆ ಕೇಳಿ. ಮೊದಲಿನಿಂದಲೂ ಮಾತು ಕಡಿಮೆಯವರು, ಕಾಡಂಚಿನ ಒಂಟಿ ಮನೆಯಲ್ಲಿ ಬೆಳೆದವರು ಜನರ ಮುಂದೆ ತಡವರಿಸಿದರೆ ಅದು ರೋಗವಲ್ಲ.

ಮೂರನೆಯ ಹಂತ: ಮುಖ ಓದುವುದು

ಇದರಿಂದ ಆರಂಭಿಸುವುದು ಒಳ್ಳೆಯದು. ಚಿತ್ರ ನೋಡುವುದು ಯಾರಿಗೂ ಭಾರವಲ್ಲ. ಹೊರದೇಶದ ಪ್ರಸಿದ್ಧ ಪರೀಕ್ಷೆಗಳಲ್ಲಿ ಬ್ಲರ್ಟ್ ಒಂದು. ಅದರಲ್ಲಿ 21 ಚಿಕ್ಕ ವಿಡಿಯೋ ತುಣುಕುಗಳಿದ್ದು, ಒಬ್ಬನೇ ನಟ ಏಳು ಬಗೆಯ ಭಾವಗಳಲ್ಲಿ ಮಾತನಾಡುತ್ತಾನೆ. ಕಣ್ಣುಗಳನ್ನಷ್ಟೇ ತೋರಿಸಿ ಮನಸ್ಸು ಹೇಳಿಸುವ 36 ಚಿತ್ರಗಳ ಪರೀಕ್ಷೆಯೂ ಹೆಸರಾದದ್ದು, ಆದರೆ ಅದು ಕಣ್ಣಿಗಿಂತ ಶಬ್ದಭಂಡಾರವನ್ನೇ ಹೆಚ್ಚು ಅಳೆಯುತ್ತದೆ ಎಂಬುದು ನನ್ನ ಅನುಮಾನ. ಅದರಲ್ಲಿ ಆಯ್ಕೆಗೆ ಕೊಡುವ ಸೂಕ್ಷ್ಮ ಪದಗಳಿಗೆ ಕನ್ನಡದಲ್ಲಿ ಸಮಾನ ಪದ ಹುಡುಕುವಾಗ ನನಗೇ ಬೆವರು ಬಂದಿದೆ.

ನಮಗೆ ಹೆಚ್ಚು ಒಪ್ಪುವುದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪಿಸಿ 2008ರಲ್ಲಿ ಪ್ರಕಟಿಸಿದ ಟ್ರೆಂಡ್ಸ್. ನಾಲ್ವರು ಭಾರತೀಯ ನಟರು, ಅಂದರೆ ಒಬ್ಬ ಯುವಕ, ಒಬ್ಬ ಯುವತಿ, ಒಬ್ಬ ಹಿರಿಯ, ಒಬ್ಬ ಹಿರಿಯ ಮಹಿಳೆ, ಆರು ಮೂಲ ಭಾವಗಳನ್ನೂ ಭಾವವಿಲ್ಲದ ಮುಖವನ್ನೂ ತೋರಿಸುತ್ತಾರೆ. 52 ಸ್ಥಿರ ಚಿತ್ರಗಳು, 28 ಚಲಿಸುವ ತುಣುಕುಗಳು, ಒಟ್ಟು 80.

ಇಲ್ಲಿ ನಮ್ಮ ಭಾಷೆಯದೇ ಒಂದು ಗುಂಡಿಯಿದೆ: ಬೇಸರ. ದುಃಖಕ್ಕೂ ಬೇಸರ, ಕೆಲಸವಿಲ್ಲದೆ ಕುಳಿತರೂ ಬೇಸರ, ತಮ್ಮನ ಮೇಲೆ ಮುನಿಸಿಕೊಂಡರೂ ಬೇಸರ. ದುಃಖದ ಮುಖಕ್ಕೆ ಬೇಸರ ಎಂದವರಿಗೆ ಅಂಕ ಕೊಡಬೇಕೇ? ಸಿಟ್ಟಿನ ಮುಖಕ್ಕೆ ಅದೇ ಪದ ಬಂದರೆ? ಆದ್ದರಿಂದ ಪರೀಕ್ಷೆಗೆ ಮೊದಲೇ ಏಳು ಪದಗಳನ್ನೂ ಆ ವ್ಯಕ್ತಿಯ ಬಾಯಿಯಿಂದಲೇ ಉದಾಹರಣೆ ಹೇಳಿಸಿ ಗಟ್ಟಿ ಮಾಡಿಕೊಳ್ಳಿ. ‘ಹೇಸಿಗೆ ಎಂದರೆ ಯಾವಾಗ ಆಗುತ್ತದೆ?’ ಎಂದು ಕೇಳಿದರೆ ‘ಕೊಳೆತ ಅಡಿಕೆ ಮುಟ್ಟಿದಾಗ’ ಎಂಬ ಉತ್ತರ ಬಂದಿತು ಅನ್ನಿ, ಮುಂದೆ ಹೋಗಬಹುದು. ಕೋಪಕ್ಕಿಂತ ಸಿಟ್ಟು, ಭಯಕ್ಕಿಂತ ಹೆದರಿಕೆ ಬೇಗ ಮುಟ್ಟುತ್ತವೆ. ಆಯ್ಕೆಗಳನ್ನು ಓದಲು ಬಾರದವರಿಗೆ ಪ್ರತಿ ಸಲವೂ ಅದೇ ಅನುಕ್ರಮದಲ್ಲಿ ಓದಿ ಹೇಳಿ.

ಒಟ್ಟು ಅಂಕಕ್ಕಿಂತ ತಪ್ಪುಗಳ ಜಾಡು ನೋಡಿ. ಸ್ಕಿಜೋಫ್ರೇನಿಯಾದಲ್ಲಿ ಸಂತೋಷದ ಮುಖ ಸಾಮಾನ್ಯವಾಗಿ ತಪ್ಪುವುದಿಲ್ಲ, ಹೆದರಿಕೆಯಂಥ ಭಾವಗಳು ತಪ್ಪುತ್ತವೆ. ಭಾವವಿಲ್ಲದ ಮುಖಗಳಲ್ಲೆಲ್ಲ ಸಿಟ್ಟು ಕಾಣುವವರಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಐದನೆಯ ಹಂತದಲ್ಲಿ ಅದು ಬೇಕಾಗುತ್ತದೆ.

ನಾಲ್ಕನೆಯ ಹಂತ: ಇನ್ನೊಬ್ಬರ ಮನಸ್ಸು

ಹೆಚ್ಚು ಸಮಯ ಇಲ್ಲಿಗೆ ಇಟ್ಟುಕೊಳ್ಳಿ. ಭಾರತದ ಸನ್ನಿವೇಶಕ್ಕೆಂದೇ ನಿಮ್ಹಾನ್ಸ್‌ನ ಡಾ. ಮೆಹ್ತಾ, ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸೋಕ್ರಾಟಿಸ್ ಎಂಬ ಪರೀಕ್ಷಾಗುಚ್ಛ ನಮ್ಮ ಕೈಯಲ್ಲಿದೆ. ಮನಸ್ಸಿನ ಊಹೆ, ಕಾರಣ ಹೊರಿಸುವ ಬಗೆ, ಸನ್ನಿವೇಶದ ಗ್ರಹಿಕೆ ಮೂರನ್ನೂ ಅದು ಒಳಗೊಂಡಿದೆ. ತರಬೇತಿ ಪಡೆದು, ಅನುಮತಿ ಪಡೆದು ಬಳಸಿ. ಈ ಮುಂದೆ ನಾನು ಕೊಡುವ ಕಥೆಗಳು ನಾನೇ ಕಟ್ಟಿಕೊಂಡವು. ವ್ಯಕ್ತಿಯನ್ನು ಅರಿಯಲು ಅವು ಸಾಕು. ಅವುಗಳ ಅಂಕವನ್ನು ಪ್ರಮಾಣೀಕೃತ ಪರೀಕ್ಷೆಯ ಅಂಕದ ಜೊತೆ ಬೆರೆಸಬೇಡಿ.

ಮೊದಲ ಮೆಟ್ಟಿಲು, ತಪ್ಪು ತಿಳಿವಳಿಕೆ. ಅಜ್ಜಿ ಕವಳದ ಚೀಲವನ್ನು ಗೋಡೆಯ ಗೂಡಿನಲ್ಲಿಟ್ಟು ಬಚ್ಚಲಿಗೆ ಹೋಗುತ್ತಾಳೆ. ಮೊಮ್ಮಗ ಅದನ್ನು ತೆಗೆದು ಪೆಟ್ಟಿಗೆಯಲ್ಲಿಡುತ್ತಾನೆ. ಅಜ್ಜಿ ಬಂದು ಮೊದಲು ಎಲ್ಲಿ ಹುಡುಕುತ್ತಾಳೆ? ಕಾಯಿಲೆ ನಿಯಂತ್ರಣದಲ್ಲಿರುವ ಹೆಚ್ಚಿನ ವಯಸ್ಕರು ಇದನ್ನು ಸಲೀಸಾಗಿ ದಾಟುತ್ತಾರೆ.

ಎರಡನೆಯ ಮೆಟ್ಟಿಲು ಒಬ್ಬರ ಮನಸ್ಸಿನ ಬಗ್ಗೆ ಇನ್ನೊಬ್ಬರ ಊಹೆ. ಇದಕ್ಕೆ ಜಗತ್ತೆಲ್ಲ ಬಳಸುವುದು ಐಸ್‌ಕ್ರೀಮ್ ಗಾಡಿಯ ಕಥೆ. ಮೊದಮೊದಲು ನಾನೂ ಅದನ್ನೇ ಓದಿ ಹೇಳುತ್ತಿದ್ದೆ. ಆಷಾಢದ ಜಡಿಮಳೆಯಲ್ಲಿ ಬಂದಿದ್ದ ಹೊಸನಗರದ ಕಡೆಯವರೊಬ್ಬರು ಕಥೆ ಮುಗಿದ ಮೇಲೆ ‘ಈ ಮಳೆಯಲ್ಲಿ ಐಸ್‌ಕ್ರೀಮ್ ಮಾರಲು ಬಂದವನಿಗೆ ಬುದ್ಧಿ ನೆಟ್ಟಗಿದೆಯೇ?’ ಎಂದು ಕೇಳಿದರು. ನಾನು ‘ಅಸಂಬದ್ಧ’ ಎಂದು ಬರೆದುಕೊಂಡೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು, ಆ ಕೋಣೆಯಲ್ಲಿ ಅಸಂಬದ್ಧವಾಗಿದ್ದದ್ದು ನನ್ನ ಕಥೆ.

ಈಗಿನ ಕಥೆ ಹೀಗಿದೆ. ಬೈಕಿನಲ್ಲಿ ಹಾರ್ನ್ ಹೊಡೆಯುತ್ತಾ ಮೀನು ಮಾರುವವನು ‘ಸಂಜೆಯವರೆಗೂ ಶಾಲೆಯ ಹತ್ತಿರವೇ ಇರುತ್ತೇನೆ’ ಎಂದು ರತ್ನನಿಗೂ ಸುರೇಶನಿಗೂ ಹೇಳುತ್ತಾನೆ. ರತ್ನ ದುಡ್ಡು ತರಲು ಮನೆಗೆ ಹೋಗುತ್ತಾಳೆ. ಆಮೇಲೆ ಮೀನಿನವನು ಮನಸ್ಸು ಬದಲಿಸಿ ‘ಬಸ್ ನಿಲ್ದಾಣಕ್ಕೆ ಹೋಗುತ್ತೇನೆ’ ಎಂದು ಸುರೇಶನಿಗೆ ತಿಳಿಸಿ ಹೊರಡುತ್ತಾನೆ. ದಾರಿಯಲ್ಲಿ ರತ್ನನ ಮನೆ. ಅವಳಿಗೂ ಹೇಳುತ್ತಾನೆ, ಅದು ಸುರೇಶನಿಗೆ ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ ಸುರೇಶ ಅವಳ ಮನೆಗೆ ಹೋದರೆ ತಾಯಿ ‘ಮೀನು ತರಲು ಹೋದಳಪ್ಪ’ ಎನ್ನುತ್ತಾಳೆ. ರತ್ನ ಎಲ್ಲಿಗೆ ಹೋಗಿದ್ದಾಳೆ ಎಂದು ಸುರೇಶ ಅಂದುಕೊಳ್ಳುತ್ತಾನೆ? ಸರಿಯುತ್ತರ ಶಾಲೆ. ಮೀನು ತಿನ್ನದ ಮನೆಯವರಿಗೆ ಮೀನಿನವನ ಬದಲು ಬಳೆಗಾರ.

ಈ ಪ್ರಶ್ನೆಯ ಜೊತೆಗೆ ಎರಡು ಕಾವಲು ಪ್ರಶ್ನೆಗಳನ್ನು ಬಿಡಲೇಬೇಡಿ: ‘ನಿಜವಾಗಿ ರತ್ನ ಎಲ್ಲಿದ್ದಾಳೆ?’, ‘ಮೀನಿನವನು ರತ್ನನಿಗೆ ಹೇಳಿದ್ದು ಸುರೇಶನಿಗೆ ಗೊತ್ತೇ?’ ಇವು ತಪ್ಪಿದರೆ ಕಥೆ ಕೈಬಿಟ್ಟಿದೆ ಎಂದು ಅರ್ಥ. ಮತ್ತೊಮ್ಮೆ ನಿಧಾನವಾಗಿ ಹೇಳಿ. ಇವು ಸರಿಯಿದ್ದು ಮೊದಲಿನದು ತಪ್ಪಿದರೆ ಮಾತ್ರ ಮನಸ್ಸಿನ ಊಹೆಯಲ್ಲಿ ತೊಡಕು ಎನ್ನಬಹುದು.

ಮೂರನೆಯದು ಸೂಚನೆ. 1995ರಲ್ಲಿ ಬಂದ ಹಿಂಟಿಂಗ್ ಪರೀಕ್ಷೆಯಲ್ಲಿ ಹತ್ತು ಪುಟ್ಟ ಪ್ರಸಂಗಗಳಿವೆ. ಮೊದಲ ಸೂಚನೆಗೇ ತಿಳಿದರೆ ಎರಡು ಅಂಕ, ಇನ್ನಷ್ಟು ಬಿಡಿಸಿ ಹೇಳಿದ ಮೇಲೆ ತಿಳಿದರೆ ಒಂದು. ಒಟ್ಟು ಇಪ್ಪತ್ತು. ಪರೀಕ್ಷೆಗಳನ್ನೇ ಪರೀಕ್ಷೆಗೊಡ್ಡಿದ ಅಮೆರಿಕದ ಸ್ಕೋಪ್ ಅಧ್ಯಯನದಲ್ಲಿ ಬ್ಲರ್ಟ್ ಜೊತೆಗೆ ಗಟ್ಟಿಯಾಗಿ ನಿಂತದ್ದು ಇದೇ. ಮಲೆನಾಡಿಗೆ ಇದಕ್ಕಿಂತ ಹೊಂದುವ ಪರೀಕ್ಷೆ ನನಗೆ ಕಂಡಿಲ್ಲ, ಏಕೆಂದರೆ ಇಲ್ಲಿನ ಮಾತುಕತೆಯ ನಾಣ್ಯವೇ ಸೂಚನೆ. ನನ್ನ ಒಂದು ಪ್ರಸಂಗ: ಸೊಸೆ ಗಂಡನಿಗೆ ‘ಸಾಗರದ ಮಾರಿಜಾತ್ರೆಗೆ ಪಕ್ಕದ ಮನೆಯವರೆಲ್ಲ ಹೊರಟಿದ್ದಾರಂತೆ’ ಎನ್ನುತ್ತಾಳೆ. ಅವಳ ಮನಸ್ಸಿನಲ್ಲಿ ಏನಿದೆ? ತಿಳಿಯದಿದ್ದರೆ ಎರಡನೆಯ ಸೂಚನೆ: ‘ಈ ಸಲ ತಪ್ಪಿದರೆ ಇನ್ನು ಮೂರು ವರ್ಷ ಕಾಯಬೇಕು.’ ‘ಅವಳು ಸುದ್ದಿ ಹೇಳುತ್ತಿದ್ದಾಳೆ’ ಎಂದಷ್ಟೇ ಉತ್ತರಿಸುವವರೂ ಇದ್ದಾರೆ, ‘ಗಂಡ ಕರೆದುಕೊಂಡು ಹೋಗುವುದಿಲ್ಲ ಎಂದು ಊರಿಗೆಲ್ಲ ಸಾರಲು ಹೊಂಚು ಹಾಕಿದ್ದಾಳೆ’ ಎನ್ನುವವರೂ ಇದ್ದಾರೆ. ಇಬ್ಬರಿಗೂ ಸೊನ್ನೆ. ಆದರೆ ಎರಡೂ ಒಂದೇ ಸೊನ್ನೆಯಲ್ಲ. ಒಬ್ಬರು ಮನಸ್ಸನ್ನು ಓದಲೇ ಇಲ್ಲ, ಇನ್ನೊಬ್ಬರು ಇಲ್ಲದ್ದನ್ನೂ ಓದಿದರು. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನಾಲ್ಕನೆಯದು ಬಾಯಿತಪ್ಪು. ಮದುವೆಯ ಪಂಕ್ತಿಯಲ್ಲಿ ಕುಳಿತವರೊಬ್ಬರು ‘ಸಾರು ನೀರಾಗಿದೆ, ಅಡಿಗೆಯವನು ಯಾರೋ ಹೊಸಬ’ ಎನ್ನುತ್ತಾರೆ. ಬಡಿಸುತ್ತಿರುವವನು ಅಡಿಗೆಯವನ ಮಗ. ಆಡಬಾರದ ಮಾತು ಯಾರಾದರೂ ಆಡಿದರೇ? ಏಕೆ ಆಡಬಾರದಿತ್ತು? ಅವನು ಯಾರ ಮಗ ಎಂದು ಅವರಿಗೆ ಗೊತ್ತಿತ್ತೇ? ಹುಡುಗನಿಗೆ ಹೇಗನಿಸಿರಬಹುದು? ಇಂಥ ಕಥೆಗಳ ನಡುವೆ ಬಾಯಿತಪ್ಪಿಲ್ಲದ ಕಥೆಗಳನ್ನೂ ಸೇರಿಸಿ, ಇಲ್ಲದಿದ್ದರೆ ಎಲ್ಲದಕ್ಕೂ ‘ಹೌದು’ ಎಂದೇ ಅಂಕ ಗಳಿಸಿಬಿಡುತ್ತಾರೆ.

ಗಾದೆಯ ಅರ್ಥ ಕೇಳಿ ಇದೇ ಪರೀಕ್ಷೆ ಎಂದುಕೊಳ್ಳಬೇಡಿ. ಗಾದೆ ಅಳೆಯುವುದು ಅಮೂರ್ತ ಚಿಂತನೆಯನ್ನು.

ಐದನೆಯ ಹಂತ: ದೂರು ಯಾರ ಮೇಲೆ

ತೋಟಕ್ಕೆ ಕೊಳೆರೋಗ ಬಂತು. ಕಾರಣವೇನು? ‘ನಾನೇ ಬೋರ್ಡೋ ಹೊಡೆಸಲು ತಡ ಮಾಡಿದೆ’ ಎಂದರೆ ಕಾರಣ ತನ್ನೊಳಗೆ. ‘ಔಷಧಿ ಹೊಡೆಯುವವನು ಬೇಕೆಂದೇ ನೀರು ಬೆರೆಸಿದ’ ಎಂದರೆ ಇನ್ನೊಬ್ಬರ ಮೇಲೆ. ‘ಮಳೆ ಒಂದು ದಿನವೂ ಬಿಡುವು ಕೊಡಲಿಲ್ಲ’ ಎಂದರೆ ಸನ್ನಿವೇಶದ ಮೇಲೆ. ಈ ಮೂರು ಪೆಟ್ಟಿಗೆಗಳ ಮೇಲೆಯೇ 1996ರ ಪ್ರಶ್ನಾವಳಿಯೊಂದು ನಿಂತಿದೆ. ಅದರಲ್ಲಿ 16 ಒಳ್ಳೆಯ, 16 ಕೆಟ್ಟ ಪ್ರಸಂಗಗಳಿವೆ. ಸೋಕ್ರಾಟಿಸ್‌ನ ಈ ಭಾಗವೂ ಇದೇ ಜಾಡಿನದು. ಎರಡು ಲೆಕ್ಕ ಸಿಗುತ್ತವೆ. ಒಳ್ಳೆಯದಕ್ಕೆ ‘ನಾನು’ ಎಂದ ಸಂಖ್ಯೆಯಿಂದ ಕೆಟ್ಟದ್ದಕ್ಕೆ ‘ನಾನು’ ಎಂದ ಸಂಖ್ಯೆಯನ್ನು ಕಳೆದರೆ ಕೆಟ್ಟದ್ದರ ಹೊಣೆಯನ್ನು ಹೊರಗೆ ತಳ್ಳುವ ಒಲವು ತಿಳಿಯುತ್ತದೆ. ಕೆಟ್ಟದ್ದನ್ನು ಹೊರಗೆ ತಳ್ಳಿದಾಗಲೆಲ್ಲ ಅದರಲ್ಲಿ ಮನುಷ್ಯರ ಮೇಲೆ ಹೊರಿಸಿದ ಪಾಲು ಎಷ್ಟು ಎಂಬುದು ಎರಡನೆಯದು. ಸಂಶಯದ ಲಕ್ಷಣವುಳ್ಳವರಲ್ಲಿ ಈ ಎರಡನೆಯದನ್ನು ಗಮನಿಸಬೇಕು.

ಆದರೆ ನಿಲ್ಲಿ. ಬೇಲಿ ಜರುಗಿಸುವ ನೆರೆಯವರು ನಮ್ಮಲ್ಲಿ ನಿಜವಾಗಿಯೂ ಇದ್ದಾರೆ. ಕಾಯಿಲೆಯಿದೆ ಎಂಬ ಕಾರಣಕ್ಕೇ ಆಸ್ತಿಯ ಪಾಲು ತಪ್ಪಿಸಲು ನೋಡುವ ದಾಯಾದಿಗಳೂ ಇದ್ದಾರೆ. ‘ಅವರು ನನಗೆ ಮೋಸ ಮಾಡುತ್ತಿದ್ದಾರೆ’ ಎಂಬ ಮಾತು ಕೇಳಿದ ಕೂಡಲೇ ಅಂಕ ಹಾಕುವ ಮೊದಲು ಮನೆಯವರಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ವಿಚಾರಿಸಿ. ಮಾಟ, ದೃಷ್ಟಿಯ ಮಾತೂ ಹಾಗೆಯೇ; ಇಡೀ ಕೇರಿ ನಂಬುವುದನ್ನು ಒಬ್ಬರು ಹೇಳಿದರೆ ಅದು ಕೇರಿಯ ನಂಬಿಕೆ. ಕೇರಿಯವರೇ ‘ಇದು ಅತಿಯಾಯಿತು’ ಎನ್ನುವ ಗೆರೆ ಎಲ್ಲಿದೆ ಎಂದು ಕಂಡುಕೊಳ್ಳಬೇಕು. ಅಂದಹಾಗೆ, ಅಸ್ಪಷ್ಟ ಸನ್ನಿವೇಶ ಕೊಟ್ಟು ಹಗೆತನದ ಊಹೆಯನ್ನು ಅಳೆಯುವ ಪ್ರಸಿದ್ಧ ಪ್ರಶ್ನಾವಳಿ ಸ್ಕೋಪ್ ಅಧ್ಯಯನದಲ್ಲಿ ಅಷ್ಟೇನೂ ಗಟ್ಟಿ ಎನಿಸಲಿಲ್ಲ. ಈ ಭಾಗದ ಅಂಕವನ್ನು ನಾನು ಮಾತುಕತೆಗೆ ಬಾಗಿಲೆಂದು ಬಳಸುತ್ತೇನೆ, ತೀರ್ಪೆಂದು ಅಲ್ಲ.

ಆರನೆಯ ಹಂತ: ಸನ್ನಿವೇಶ ಮತ್ತು ರೀತಿನೀತಿ

ಇಬ್ಬರು ಮಾತನಾಡುವ ಚಿಕ್ಕ ವಿಡಿಯೋ ತೋರಿಸಿ ಏನು ನಡೆಯುತ್ತಿದೆ, ಯಾರು ಹಿರಿಯರು, ಯಾರಿಗೆ ಮುಜುಗರವಾಗಿದೆ ಎಂದು ಕೇಳುವುದು ವಾಡಿಕೆ. ನಮ್ಮಲ್ಲಿ ‘ನೀನು’, ‘ನೀವು’ಗಳ ಬದಲಾವಣೆಯೇ ದೊಡ್ಡ ಸುಳಿವು, ಅದನ್ನು ಹಿಡಿದರೇ ನೋಡಿ. ಕಾಯುವ ಕೋಣೆಯಲ್ಲಿ ಅವರು ಎಲ್ಲಿ ಕುಳಿತರು, ವಯಸ್ಸಾದವರು ಬಂದಾಗ ಎದ್ದರೇ ಎಂಬುದೂ ಪರೀಕ್ಷೆಯೇ.

ಕೊನೆಯ ಹಂತ: ಹೋಲಿಕೆ, ವರದಿ, ಮರುಪರೀಕ್ಷೆ

ನಮ್ಮೂರಿನ ಕಥೆಗಳಿಗೆ ಸಿದ್ಧ ಮಾನದಂಡವಿಲ್ಲ. ಆದ್ದರಿಂದ ಅದೇ ಊರಿನ, ಅದೇ ವಯಸ್ಸು ಮತ್ತು ಓದಿನ ಆರೋಗ್ಯವಂತರಿಗೆ ಅದೇ ಕಥೆ ಹೇಳಿ ನೋಡಿ. ಜೊತೆಗೆ ಬಂದ ಒಡಹುಟ್ಟಿದವರನ್ನು ಹೋಲಿಕೆಗೆ ಹಿಡಿಯಬೇಡಿ. ಕಾಯಿಲೆ ಇಲ್ಲದ ರಕ್ತಸಂಬಂಧಿಗಳಲ್ಲೂ ಈ ತೊಡಕಿನ ಸಣ್ಣ ನೆರಳು ಇರುವುದುಂಟು. ಅತ್ತಿಗೆ, ಭಾವ, ನೆರೆಯವರು ಆದೀತು. ಹತ್ತು ಜನ ಆರೋಗ್ಯವಂತರಲ್ಲಿ ನಾಲ್ವರು ಎಡವಿದ ಕಥೆಯನ್ನು ನಾನು ಕಿತ್ತುಹಾಕುತ್ತೇನೆ.

ವರದಿಯಲ್ಲಿ ಅಂಕದ ಪಕ್ಕ ಬದುಕನ್ನಿಡಿ. ‘ನೇರ ಮಾತು ಚೆನ್ನಾಗಿ ತಿಳಿಯುತ್ತದೆ. ಸೂಚನೆಯ ಮಾತು ಎರಡನೆಯ ಸಲ ಬಿಡಿಸಿ ಹೇಳಿದಾಗ ತಿಳಿಯುತ್ತದೆ. ಭಾವವಿಲ್ಲದ ಮುಖವನ್ನು ಸಿಟ್ಟೆಂದು ಭಾವಿಸುತ್ತಾರೆ. ಅಂಗಡಿಗೆ ಹೋಗಲು ಒಪ್ಪದಿರುವುದಕ್ಕೆ ಇದು ಕಾರಣವಿರಬಹುದು.’ ಇಂಥ ನಾಲ್ಕು ಸಾಲು ಚಿಕಿತ್ಸೆಗೆ ದಾರಿ ತೋರಿಸುತ್ತದೆ. ಮುಖ ಗುರುತಿಸುವ ಅಭ್ಯಾಸ, ತಕ್ಷಣ ತೀರ್ಮಾನಕ್ಕೆ ಹಾರದಿರುವ ಅಭ್ಯಾಸಗಳನ್ನು ಗುಂಪಿನಲ್ಲಿ ಮಾಡಿಸುವ ತರಬೇತಿಗಳಿವೆ. ಮನೆಯವರಿಗೆ ನಾನು ಹೇಳುವುದು ಇಷ್ಟು: ಅದು ಸೊಕ್ಕಲ್ಲ. ‘ಸೌದೆ ಮುಗಿಯಿತಲ್ಲ’ ಎನ್ನುವ ಬದಲು ‘ಸೌದೆ ತೆಗೆದುಕೊಂಡು ಬಾ’ ಎನ್ನಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯ ರೂಪುಗೊಂಡದ್ದು ಇಂಥವರಿಗಾಗಿ. ದೂರದ ಹಳ್ಳಿಯವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಡಿ.

ಮತ್ತೆ ಪರೀಕ್ಷಿಸುವಾಗ ಅದೇ ಕಥೆಗಳನ್ನು ಬೇಗನೆ ಹೇಳಿದರೆ ಸಿಗುವುದು ನೆನಪಿನ ಅಂಕ. ನಾನು ಆರು ತಿಂಗಳು ಬಿಡುತ್ತೇನೆ, ಕಥೆಗಳ ಇನ್ನೊಂದು ಕಟ್ಟನ್ನೂ ಇಟ್ಟುಕೊಂಡಿದ್ದೇನೆ. ಕಥೆಗಳಿಗೂ ವಯಸ್ಸಾಗುತ್ತದೆ. ಹೋದ ವರ್ಷ ಯುವತಿಯೊಬ್ಬಳು ಮೀನಿನವನ ಕಥೆಯನ್ನು ಅರ್ಧಕ್ಕೇ ತಡೆದು, ‘ಸುರೇಶ ರತ್ನನಿಗೆ ಫೋನ್ ಮಾಡಿ ಕೇಳಬಹುದಲ್ಲ ಸಾರ್’ ಎಂದಳು. ಆಕೆಗೆ ಪೂರ್ಣ ಅಂಕ ಕೊಟ್ಟೆ. ಅಂದಿನಿಂದ ಕಥೆಯ ಮೊದಲ ಸಾಲು ‘ಆ ಊರಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ’ ಎಂದಾಗಿದೆ. ಹೊಸನಗರದ ಕಡೆಯವರು ಯಾರೂ ಇದುವರೆಗೆ ಅದನ್ನು ಪ್ರಶ್ನಿಸಿಲ್ಲ.